ಸವಣೂರಿಗೆ ಹೊರಟ ಚುಕ್ಕಿ

ನಮ್ಮ ಮನೆಗೆ ಬಂದ ಯಾವ ಯಂತ್ರವೂ ವಿಭೂತಿ ಹಚ್ಚಿಸಿಕೊಳ್ಳದೆ ಕೆಲಸಕ್ಕೆ ಕೂತದ್ದಿಲ್ಲ. ನನ್ನ ಹೊಲಿಗೆ ಮಷೀನಿಗೆ ಹಚ್ಚಿದ್ದೇವೆ, ಮಿಕ್ಸರಿಗೆ ಹಚ್ಚಿದ್ದೇವೆ, ಫ್ರಿಜ್ಜಿನ ಬಾಗಿಲ ಮೇಲೆ ಎಳೆದ ಮೂರು ಗೆರೆ ಇವತ್ತಿಗೂ ಪೂರಾ ಮಾಸಿಲ್ಲ. ಹಾಗಾಗಿ ಮಗಳು ಸುಧಾ ಹುಬ್ಬಳ್ಳಿಯಿಂದ ಕಳಿಸಿದ ಸೈಕಲ್ಲಿನ ಜಿಪಿಎಸ್ ಕೈಗೆ ಬಂದ ಕೂಡಲೇ ನಾನು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದುಕೊಂಡು ತಯಾರಾಗಿ ನಿಂತೆ. ನಮ್ಮವರು ಅಡ್ಡ ಬಂದರು. ಅವರು ಎಂಥ ಮನುಷ್ಯ ಎಂದರೆ, ಮನೆಗೆ ಯಾವ ಸಾಮಾನು ಬಂದರೂ ಸಾಮಾನು ಬದಿಗಿಟ್ಟು ಮೊದಲು ಅದರ ಜೊತೆಗಿರುವ ಪುಸ್ತಕ ಓದುತ್ತಾರೆ, ಮುಖಪುಟದಿಂದ ಹಿಡಿದು ಕಟ್ಟಕಡೆಯ ಎಚ್ಚರಿಕೆಯವರೆಗೆ.

"ಗಾಜಿಗೆ ಹಚ್ಚಬ್ಯಾಡ. ಹಸಿ ಬೆರಳು ತಾಗಿದ್ರ ಗುಂಡಿ ಒತ್ತಿದ್ರು ಅಂತ ತಿಳಕೊಳ್ತೈತಂತ ಇದು," ಎಂದರು.

"ದೇವರ ವಿಭೂತಿಗೂ ಇದಕ್ಕೂ ಏನ್ರಿ ಜಗಳಾ?"

"ಜಗಳಾ ಏನಿಲ್ಲ. ರಟ್ಟಿನ ಡಬ್ಬಿಗೆ ಹಚ್ಚು. ಒಳಗ ಇದ್ದದ್ದಕ್ಕೂ ಮುಟ್ಟತೈತಿ."

ಹೀಗೆ ರಟ್ಟಿನ ಡಬ್ಬಿ ಪಾವನವಾಯಿತು, ಒಳಗಿನ ಯಂತ್ರ ಬೋಳು ಹಣೆಯಲ್ಲೇ ಉಳಿಯಿತು. ನನ್ನ ಮನಸ್ಸಿಗೆ ಅದು ಸರಿ ಬರಲಿಲ್ಲ. ಆದರೂ ಪುಸ್ತಕ ಓದಿದವರ ಎದುರು ವಾದ ಮಾಡುವುದಾದರೂ ಹೇಗೆ?

ನನ್ನ ಪರಿಚಯ ಹೇಳಿಬಿಡುತ್ತೇನೆ. ಹಾನಗಲ್ಲಿನ ಹೈಸ್ಕೂಲಿನಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು ನಾನು. ತವರು ಮನೆ, ಗಂಡನ ಮನೆ ಎರಡೂ ಹಾನಗಲ್ಲೇ. ಶಾಲೆಗೆ ಸೈಕಲ್ಲಿನ ಮೇಲೆಯೇ ಹೋಗಿ ಬಂದೆ, ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಮಗಳು ಹಳೆಯದನ್ನು ತೆಗೆಸಿ ಗೇರಿನ ಸೈಕಲ್ ಕೊಡಿಸಿದಳು. ಈಗ ಅದರ ಹ್ಯಾಂಡಲ್ಲಿಗೆ ಸುಣ್ಣದ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಈ ಯಂತ್ರ. ಎಷ್ಟು ದೂರ ಹೋದಿರಿ, ಎಷ್ಟು ಜೋರಾಗಿ ಹೋದಿರಿ, ಎಷ್ಟು ಏರು ಹತ್ತಿದಿರಿ, ಎಲ್ಲಾ ಹೇಳುತ್ತದೆ. ಹೋದ ದಾರಿಯನ್ನು ನಕಾಶೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. "ಅವ್ವಾ, ನಿನಗ ಟೈಂ ಪಾಸ್ ಆಗತೈತಿ," ಎಂದು ಮಗಳು ಹೇಳಿದ್ದಳು. ನನಗೆ ಬೇಕಾದದ್ದು ಟೈಂ ಪಾಸ್ ಆಗಿರಲಿಲ್ಲ, ಸಾಕ್ಷಿ ಆಗಿತ್ತು. ನಾನು ಒಂದು ಲಾರಿಯ ಮಾತನ್ನು ಅರ್ಧ ಶತಮಾನಕ್ಕೆ ಸ್ವಲ್ಪ ಕಡಿಮೆ ಕಾಲದಿಂದ ಹೊಟ್ಟೆಯಲ್ಲಿಟ್ಟುಕೊಂಡು ಬಂದವಳು.

ನಾನು ಏಳನೆಯ ಇಯತ್ತೆ ಮುಗಿಸಿದ ಬೇಸಿಗೆ ಅದು. ನಮ್ಮ ನೀಲಕ್ಕನನ್ನು ಸವಣೂರಿಗೆ ಕೊಟ್ಟು ಇನ್ನೂ ಅರಿಷಿಣ ಆರಿರಲಿಲ್ಲ. ಅಕ್ಕ ಹೋದ ಮೇಲೆ ನನ್ನ ತಲೆ ಬಾಚುವವರೇ ಇಲ್ಲ. ಅವ್ವ ಹೆಣೆದ ಜಡೆ ಸಂಜೆಯೊಳಗೆ ಬಿಚ್ಚುತ್ತಿತ್ತು, ನಾನೇ ಹೆಣೆದದ್ದು ಹಗ್ಗದ ಹಾಗೆ ಇರುತ್ತಿತ್ತು. ಅಕ್ಕನ ಹತ್ತಿರ ಬಿಟ್ಟು ಬಾ ಎಂದು ಅಪ್ಪನಿಗೆ ದುಂಬಾಲು ಬಿದ್ದೆ. "ನಾಡದು ನೋಡೂಣು" ಎಂದ. ಅಪ್ಪನ ನಾಡದು ಎಂದೂ ಬರುವುದಲ್ಲ ಎಂದು ಗೊತ್ತಿದ್ದ ನಾನು ಒಂದು ಬೆಳಿಗ್ಗೆ ಅವನ ಸೈಕಲ್ ಎಳೆದುಕೊಂಡು ಹೊರಟೇಬಿಟ್ಟೆ. ಸೀಟಿನ ಮೇಲೆ ಕೂತರೆ ಪೆಡಲಿಗೆ ಕಾಲು ಎಟುಕುತ್ತಿರಲಿಲ್ಲ. ನಡುವಿನ ಕಂಬಿಯ ಕೆಳಗಿನಿಂದ ಕಾಲು ತೂರಿಸಿ, ಸೊಂಟ ಒಂದು ಕಡೆ, ತಲೆ ಒಂದು ಕಡೆ ಮಾಡಿಕೊಂಡು ಹೊಡೆದೆ. ಬಂಕಾಪುರದಲ್ಲಿ ಸವಣೂರಿನ ಕಡೆಗೆ ತಿರುಗಬೇಕಿತ್ತು. ತಿರುಗುವುದು ಮರೆತು ನೆಟ್ಟಗೆ ಶಿಗ್ಗಾಂವಿ ಮುಟ್ಟಿದೆ. ಅಲ್ಲಿ ಚಾದಂಗಡಿಯ ಮುಂದೆ ಚೈನು ಕಳಚಿತು. ಅಲ್ಲೇ ನಿಂತಿದ್ದ ಒಂದು ಲಾರಿಯ ಕ್ಲೀನರ್ ಪಾಪ, ಚೈನು ಕೂಡಿಸಿ ಸವಣೂರಿನ ದಾರಿ ತೋರಿಸಿದ.

ಅದೇ ಹೊತ್ತಿಗೆ ಹಾನಗಲ್ಲಿನ ಒಬ್ಬ ಹತ್ತಿ ವ್ಯಾಪಾರಿ ಅಲ್ಲಿ ಚಾ ಕುಡಿಯುತ್ತ ಕೂತಿರಬೇಕೇ! ಅವನು ನನ್ನನ್ನು, ಸೈಕಲ್ಲನ್ನು, ಲಾರಿಯನ್ನು ಮೂರನ್ನೂ ಒಟ್ಟಿಗೆ ಕಂಡ. ನಾನು ಸವಣೂರು ಮುಟ್ಟಿ, ಭಾವನ ಜೊತೆ ಬಸ್ಸಿನಲ್ಲಿ ಸೈಕಲ್ ಹೇರಿಕೊಂಡು ವಾಪಸು ಬರುವಷ್ಟರಲ್ಲಿ ಹಾನಗಲ್ಲಿಗೆ ಸುದ್ದಿ ಬಂದು ಕೂತಿತ್ತು. ಅಪ್ಪ ಹೊಡೆಯಲಿಲ್ಲ, ನಕ್ಕ. ಹೊಡೆದಿದ್ದರೆ ಚೆನ್ನಾಗಿತ್ತು. ನನ್ನ ಅಣ್ಣ ಬಸಣ್ಣ ಮಾತ್ರ ತೀರ್ಪು ಕೊಟ್ಟುಬಿಟ್ಟ: "ಹೆಣ್ಣುಡುಗಿ ಅಷ್ಟು ದೂರ ಹೊಡೀತದೇನು? ಲಾರ್ಯಾಗ ಸೈಕಲ್ ಹಾಕ್ಕೊಂಡು ಹೋಗ್ಯಾಳ."

ಮುಗಿಯಿತು. ಅಂದಿನಿಂದ ನಮ್ಮ ಮನೆತನದಲ್ಲಿ ಕುಬುಸವಿರಲಿ, ತೊಟ್ಟಿಲಿರಲಿ, ಮದುವೆಯಿರಲಿ, ಊಟದ ಪಂಕ್ತಿಯಲ್ಲಿ ಸಾರು ಬರುವುದು ತಡವಾದರೆ ಅಣ್ಣ ಲಾರಿ ಬಿಡುತ್ತಿದ್ದ. ನನ್ನ ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಕೂಡಲೇ ನಮ್ಮವರ ಕಿವಿಯಲ್ಲಿ, "ಹುಷಾರ್ ಇರ್ರಿ, ಲಾರಿ ಕಂಡ್ರ ಹತ್ತಿಬಿಡತಾಳ ಈಕಿ," ಎಂದ. ನಾನು ಹೊಸ ಮದುಮಗಳು ಎನ್ನುವುದನ್ನೂ ಮರೆತು, "ಹತ್ತಿಲ್ಲಾ!" ಎಂದು ಒದರಿದೆ. ಬ್ಯಾಂಡಿನವರು ಬಾರಿಸುವುದು ನಿಲ್ಲಿಸಿದರು.

ನನ್ನ ಸಿಟ್ಟು ಸಣ್ಣದಲ್ಲ. ಲಾರಿಯನ್ನೇ ಹತ್ತುವುದಿಲ್ಲ ಎಂದು ಆಣೆ ಮಾಡಿದೆ. ನಮ್ಮ ಕಡೆ ದಿಬ್ಬಣವೆಂದರೆ ಲಾರಿ, ಮೇಲೆ ಗಾದಿ ಹಾಸಿ ಹೆಂಗಸರೆಲ್ಲ ಹಾಡುತ್ತ ಹೋಗುವುದು. ಅವರು ಹಾಡುತ್ತ ಹೋಗುತ್ತಿದ್ದರು, ನಾನು ಸರಕಾರಿ ಬಸ್ಸಿನಲ್ಲಿ ಕೋಳಿ ಬುಟ್ಟಿಯ ಪಕ್ಕದಲ್ಲಿ ನಿಂತು ಹೋಗುತ್ತಿದ್ದೆ. ಒಂದು ಮದುವೆಗೆ ನಾನು ಮುಟ್ಟುವಾಗ ಮದುಮಕ್ಕಳು ಊಟ ಮುಗಿಸಿ ಮಲಗಲು ಚಾಪೆ ಹುಡುಕುತ್ತಿದ್ದರು. ಅಷ್ಟಾದರೂ ಲಾರಿ ಹತ್ತಲಿಲ್ಲ ನೋಡಿ.

ಈಗ ಯಂತ್ರಕ್ಕೆ ಬರೋಣ. ಮೊದಲ ದಿನ ಅಂಗಳದ ಬೇವಿನ ಮರದ ಕೆಳಗೆ ನಿಂತು ಚಾಲೂ ಮಾಡಿದೆ. ಉಪಗ್ರಹ ಹುಡುಕುತ್ತಿದ್ದೇನೆ ಎಂದಿತು. ಹುಡುಕಿತು, ಹುಡುಕಿತು. ಎದುರು ಮನೆಯ ಗಂಗಮ್ಮ ಕಸ ಹೊಡೆಯುತ್ತ, "ಯಾರನ್ನ ಕಾಯಾಕತ್ತೀರಿ ಟೀಚರ್?" ಎಂದು ಕೇಳಿದಳು.

"ಉಪಗ್ರಹ ಬರಬೇಕವಾ."

"ಬರೂತನಾ ಒಳಗ ಕುಂತಿರ್ರಲ್ಲ, ಬಂದ ಕೂಡ್ಲೆ ಕರೀತೇನಿ," ಎಂದಳು ಪುಣ್ಯಾತ್ಗಿತ್ತಿ.

ನಮ್ಮವರು ಪುಸ್ತಕ ಹಿಡಿದು ಹೊರಗೆ ಬಂದು, ಗಿಡದ ಕೆಳಗೆ ನಿಂತರೆ ಸಿಗುವುದಿಲ್ಲ, ಬಯಲಿಗೆ ಹೋಗಬೇಕು ಎಂದರು. ಬಯಲಿಗೆ ಹೋದೆ, ಸಿಕ್ಕಿತು. ಆದರೆ ಆ ಸಂಭ್ರಮದಲ್ಲಿ ಶುರು ಮಾಡುವ ಗುಂಡಿ ಒತ್ತುವುದೇ ಮರೆತು, ಆನಿಕೆರೆಯ ದಂಡೆಯ ಮೇಲೆ ಸುತ್ತು ಹಾಕಿ ಬೆವೆತು ಬಂದು ನೋಡಿದರೆ ಸೊನ್ನೆ. ಯಂತ್ರದ ಲೆಕ್ಕದಲ್ಲಿ ನಾನು ಮನೆ ಬಿಟ್ಟೇ ಇರಲಿಲ್ಲ.

ಪರದೆಯ ಮೇಲೆ ಮೊದಮೊದಲು ಅಂಕಿಗಳ ಸಂತೆ. ಅಂಕಿ ನೋಡುತ್ತ ಹೋಗಿ ಎಮ್ಮೆಗೆ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿದ ಮೇಲೆ ಎಲ್ಲ ತೆಗೆದುಹಾಕಿ ಎರಡನ್ನೇ ಇಟ್ಟುಕೊಂಡೆ. ಬಂದ ದೂರ ಎಷ್ಟು, ಈಗ ಗಂಟೆ ಎಷ್ಟು. ಇಷ್ಟು ಗೊತ್ತಿದ್ದರೆ ಮನುಷ್ಯರಿಗೆ ಸಾಕು. ಇನ್ನೊಂದು, ಆಗಾಗ ಅದು ಕೀಂವ್ ಅನ್ನುತ್ತದೆ: ನೀರು ಕುಡಿ. ಮತ್ತೆ ಕೀಂವ್ ಅನ್ನುತ್ತದೆ: ಏನಾದರೂ ತಿನ್ನು. ನನ್ನ ಜನ್ಮದಲ್ಲಿ ನಾನೇ ಎಲ್ಲರಿಗೂ ಉಣ್ಣು, ತಿನ್ನು ಎಂದು ಹೇಳಿದವಳು. ನನಗೆ ಹೊತ್ತಿಗೆ ಸರಿಯಾಗಿ ಹೇಳಿದ್ದು ಇದೊಂದೇ. ಅದು ಹೇಳಿದಾಗಲೆಲ್ಲ ಸೊಂಟದ ಚೀಲದಿಂದ ಒಂದೊಂದು ಶೇಂಗಾ ಉಂಡಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ನಿಂತರೆ ತಾನೂ ನಿಲ್ಲುವುದು, ಹೊರಟರೆ ತಾನೂ ಹೊರಡುವುದು ಎಂಬ ಒಂದು ಏರ್ಪಾಟು ಅದರಲ್ಲಿತ್ತು. ಅದು ನಮ್ಮ ಕಡೆಯವರಿಗೆಂದೇ ಮಾಡಿದ್ದಿರಬೇಕು. ಈ ಸೀಮೆಯ ಎಲ್ಲ ರಸ್ತೆಯ ಮೇಲೂ ನನ್ನ ಕೈಯಲ್ಲಿ ಹೊಲಿಗೆ ಕಲಿತ ಹುಡುಗಿಯರು ಸಂಸಾರ ಹೂಡಿಕೊಂಡು ಕೂತಿದ್ದಾರೆ. "ಟೀಚರ್ರಿ, ಒಂದ್ ಗುಟುಕು ಚಾ ಕುಡದು ಹೋಗ್ರಿ," ಎನ್ನುತ್ತಾರೆ. ಒಲ್ಲೆ ಅಂದರೆ ಟೀಚರಿಗೆ ಗೇರಿನ ಸೈಕಲ್ ಬಂದು ಸೊಕ್ಕು ಬಂತು ಅನ್ನುವುದಿಲ್ಲವೇ?

ಎಲ್ಲ ಸರಿ ಹೋಗುತ್ತಿದೆ ಅನ್ನುವಾಗ ಅಕ್ಕಿಆಲೂರಿನ ದಾರಿಯಲ್ಲಿ ಸೈಕಲ್ ಪಂಕ್ಚರಾಯಿತು. ಟಂಟಂ ಆಟೋ ಸಿಕ್ಕಿತು, ಸೈಕಲ್ಲನ್ನು ಅದರ ಮೇಲೆ ಕಟ್ಟಿಸಿ ಹಾನಗಲ್ಲಿಗೆ ಬಂದೆ. ಯಂತ್ರ ನಿಲ್ಲಿಸಿರಲಿಲ್ಲ. ಇಳಿದು ನೋಡಿದರೆ ಅದು ನನಗೆ ಶಾಭಾಸ್ ಹೇಳುತ್ತಿದೆ! ಇವತ್ತು ನೀವು ಹಿಂದೆಂದೂ ಹೋಗದಷ್ಟು ವೇಗದಲ್ಲಿ ಹೋಗಿದ್ದೀರಿ, ಹೊಸ ದಾಖಲೆ! ಇಳಿದದ್ದಾದರೂ ಎಲ್ಲಿ? ಅಣ್ಣನ ಬೀಜ-ಗೊಬ್ಬರದ ಅಂಗಡಿಯ ಮುಂದೆ.

ಅಣ್ಣ ಕನ್ನಡಕ ಏರಿಸಿ ಪರದೆ ನೋಡಿದ. ಟಂಟಂ ನೋಡಿದ. ಮತ್ತೆ ಪರದೆ ನೋಡಿದ.

"ಅಬಾಬಾಬಾ! ಗಿರಿಜವ್ವಾ, ಸೈಕಲ್ಲಿಗೆ ಡೀಸೆಲ್ ಹಾಕಿಸಿ ಏನು?"

"ಪಂಕ್ಚರ್ ಆತು ಅಣ್ಣಾ, ಬಂದ್ ಮಾಡೋದು ಮರತೆ."

"ಅಂದ್ರ ಈ ಡಬ್ಬಿ ಲಾರ್ಯಾಗ ಕುಂತ್ರೂ ಸೈಕಲ್ ಅಂತನ ಹೇಳತೈತಿ ಅಂದಂಗಾತು. ಭೇಷ್! ನಿನಗ ತಕ್ಕ ಸಾಕ್ಷಿ ಸಿಕ್ಕೈತಿ ಬಿಡು."

ಅಂಗಡಿಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣನ ಕಣ್ಣಲ್ಲಿ ನೀರು ಬಂತು ನಕ್ಕು ನಕ್ಕು. ನನಗೆ ಅಂಗಾಲಿನ ಉರಿ ನೆತ್ತಿಗೇರಿತು.

"ಅಣ್ಣಾ, ನಾ ಮತ್ತ ಸವಣೂರಿಗೆ ಹೊಡಕೊಂಡು ಹೋಗತೇನಿ. ಅದ ದಾರಿ. ಬಂಕಾಪುರದಾಗ ಹೊಳ್ಳಂಗಿಲ್ಲ, ಶಿಗ್ಗಾಂವಿ ಮ್ಯಾಲೇನ ಹೋಗತೇನಿ. ಈ ವಯಸ್ಸಿನ್ಯಾಗ ಹೋದೆ ಅಂದ್ರ ಆ ವಯಸ್ಸಿನ್ಯಾಗ ಹೋಗಿದ್ದೆ ಅನ್ನೋದು ಖರೇ ಅಂತ ಒಪ್ಕೋತೀಯೋ ಇಲ್ಲೋ?"

ಅಣ್ಣ ನಗು ನಿಲ್ಲಿಸಿದ. ನನ್ನ ಮುಖ ಹಾಗಿತ್ತೇನೋ.

"ಹೋದಿ ಅಂದ್ರ ಒಪ್ಕೋತೇನಿ. ಹಿರೇಕೆರೂರಾಗ ನಮ್ಮ ಸಣ್ಣ ಮಗನ ಮದುವಿ ಐತೆಲ್ಲಾ, ಎಲ್ಲಾರ ಮುಂದ ಪಂಕ್ತ್ಯಾಗ ನಿಂತು ಹೇಳತೇನಿ, ನನ್ನ ತಂಗಿ ಲಾರಿ ಹತ್ತಿರಲಿಲ್ಲ ಅಂತ."

"ಹೋಗಾಕ ಆಗದಿದ್ರ?"

"ಆಗದಿದ್ರ ಹೆಂಗೂ ಲಾರಿ ಐತೆಲ್ಲ!"

ನಮ್ಮವರು ಸ್ಕೂಟರಿನ ಮೇಲೆ ಹಿಂದೆ ಹಿಂದೆ ಬರುತ್ತೇನೆ ಎಂದರು. ಬೇಡವೆಂದೆ. ಗಂಡ ಹೆಂಡತಿಯ ಪರ ಹೇಳದೆ ಇನ್ನು ಯಾರ ಪರ ಹೇಳುತ್ತಾನೆ, ಅಂಥ ಸಾಕ್ಷಿ ಅಣ್ಣನ ಮುಂದೆ ನಡೆಯುತ್ತದೆಯೇ? ಮಗಳಿಗೆ ಫೋನು ಹಚ್ಚಿದೆ. ಅವಳು ನಕ್ಕು, "ಅವ್ವಾ, ಅದರಾಗ ಲೈವ್ ಟ್ರ್ಯಾಕಿಂಗ್ ಐತಿ. ನೀ ಹೊಂಟಂಗ ಹೊಂಟಂಗ ನಿನ್ನ ಚುಕ್ಕಿ ಮಾಮಾನ ಫೋನಿನ್ಯಾಗ ಕಾಣತೈತಿ. ಅಂವ ಅಂಗಡ್ಯಾಗ ಕುಂತು ನೋಡ್ಲಿ," ಎಂದಳು. ಅದನ್ನು ಹೊಂದಿಸಿಕೊಟ್ಟಳು. ಮುಗಿದ ಮೇಲೆ ಉಳಿಸು ಎಂಬ ಗುಂಡಿ ಒತ್ತಿದರೆ ಇಡೀ ದಾರಿಯ ಗೆರೆ ಶಾಶ್ವತವಾಗಿ ಉಳಿಯುತ್ತದೆ, ಅದನ್ನು ಮದುವೆಯಲ್ಲಿ ಎಲ್ಲರಿಗೂ ತೋರಿಸಬಹುದು ಎಂದಳು. ನಾನು ಆ ಗೆರೆಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕುವ ಜಾಗವನ್ನೂ ನೋಡಿಟ್ಟೆ.

ಹೊರಟ ದಿನ ಚಳಿ ಇತ್ತು. ಗೋವಿನಜೋಳದ ಸುಗ್ಗಿ. ರೈತರು ಅರ್ಧ ರಸ್ತೆಯ ಮೇಲೆ ಕಾಳು ಒಣ ಹಾಕಿದ್ದರು, ಉಳಿದ ಅರ್ಧದಲ್ಲಿ ಬಸ್ಸು, ಟ್ರ್ಯಾಕ್ಟರು, ದನ, ನಾನು. ಗುಂಡಿ ಒತ್ತಿದೆ, ಒತ್ತಿದ್ದೇನೆಯೇ ಎಂದು ಮತ್ತೆ ನೋಡಿದೆ. ಮೊದಲಿನ ಹಳ್ಳಿಯಲ್ಲೇ ಒಬ್ಬಳು ಚಾ ಕುಡಿಸಿದಳು. ಎರಡನೆಯ ಹಳ್ಳಿಯಲ್ಲಿ ಇನ್ನೊಬ್ಬಳು ಚಾದ ಜೊತೆ ಚುರಮುರಿ ಕೊಟ್ಟು, ತಾನು ಹೊಲಿದ ಕುಪ್ಪಸ ತೋರಿಸಿ, ಕಂಕುಳ ಯಾಕೆ ಬಿಗಿ ಬರುತ್ತದೆ ಎಂದು ಕೇಳಿದಳು. ಅದನ್ನು ಬಿಚ್ಚಿಸಿ, ಗುರುತು ಹಾಕಿಕೊಟ್ಟೇ ಹೊರಟೆ. ಅಂಥ ಕೆಲಸ ನಡುವೆ ಬಿಟ್ಟು ಬರುವುದು ನನ್ನ ಕೈಲಾಗುವುದಿಲ್ಲ. ಯಂತ್ರ ಕೀಂವ್ ಎಂದು ನಿಂತಿತು, ಕೀಂವ್ ಎಂದು ಹೊರಟಿತು. ಬಂಕಾಪುರದ ಈಚೆಯ ಏರು ಬಂದಾಗ ನನ್ನ ಎದೆಯ ಬಡಿತ ನನಗೇ ಕೇಳುವಂತಾಯಿತು. ಇಳಿದು ತಳ್ಳೋಣ ಅನ್ನಿಸಿತು. ಇಳಿಯಲಿಲ್ಲ. ಅಣ್ಣ ನೋಡುತ್ತಿದ್ದಾನೆ! ಸಣ್ಣ ಗೇರಿಗೆ ಹಾಕಿ, "ಹತ್ತಿಲ್ಲಾ, ಹತ್ತಿಲ್ಲಾ" ಎಂದು ಪ್ರತಿ ತುಳಿತಕ್ಕೂ ಬೈದುಕೊಳ್ಳುತ್ತ ಮೇಲೆ ಬಂದೆ. ಕೋಟೆಯ ಕಡೆಯಿಂದ ನವಿಲೊಂದು ಕೂಗಿತು, ನನಗೇ ಕೂಗಿದಂತಾಯಿತು.

ಶಿಗ್ಗಾಂವಿಯಲ್ಲಿ ಆ ಚಾದಂಗಡಿ ಇಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ. ಆದರೂ ಅಲ್ಲೇ ನಿಂತೆ. ಮೀನಖಂಡಗಳು ಗಂಟು ಕಟ್ಟಿ ಕಲ್ಲಾಗಿದ್ದವು, ಕಟ್ಟೆಯ ಮೇಲೆ ಕೂತವಳಿಗೆ ಏಳಲು ಬರಲಿಲ್ಲ. ಉಂಡಿ ಮುಗಿದಿದ್ದವು. ಇಷ್ಟಕ್ಕೇ ಸಾಕು ಮಾಡಿ ಬಸ್ ಹತ್ತಿದರೆ ಯಾರು ಏನು ಮಾಡುತ್ತಾರೆ ಅನ್ನಿಸಿ ಕಣ್ಣು ತುಂಬಿದವು. ಆಗ ನನ್ನ ಮುಂದೆ ಬಂದು ನಿಂತದ್ದೇನು ಹೇಳಿ? ಲಾರಿ! ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಅವ್ವಾರ, ಭಾಳ ದಣದೀರಿ. ಸೈಕಲ್ ಮ್ಯಾಲ ಹಾಕತೇನಿ, ಹತ್ತರಿ. ಸವಣೂರಿಗೇ ಹೊಂಟೇನಿ," ಎಂದ.

ಅವನು ಒಳ್ಳೆಯ ಮಾತೇ ಆಡಿದ್ದ. ನಾನು ಮಾತ್ರ ಹಾವು ತುಳಿದವಳಂತೆ ಎದ್ದು ನಿಂತೆ. ಅಷ್ಟು ಹೊತ್ತು ಏಳಲಾರದ ಕಾಲು ಅದ್ಹೇಗೆ ಎದ್ದವೋ! "ಕೈ ಮುಗೀತೇನಪ್ಪಾ, ನೀ ಮುಂದ ನಡಿ. ನಿನ್ನ ಲಾರಿ ಸುಖವಾಗಿ ಮುಟ್ಟಲಿ," ಎಂದು ಸೈಕಲ್ ಹತ್ತಿದವಳು ಸವಣೂರಿನ ವೀಳ್ಯದೆಲೆಯ ತೋಟಗಳು ಕಾಣುವವರೆಗೆ ಹಿಂತಿರುಗಿ ನೋಡಲಿಲ್ಲ.

ನೀಲಕ್ಕ ಬಾಗಿಲಲ್ಲೇ ನಿಂತಿದ್ದಳು. ನಾನು ಇಳಿದು ನಿಲ್ಲಿಸುವ ಗುಂಡಿ ಒತ್ತಿದೆ. ಉಳಿಸಲೇ, ಅಳಿಸಲೇ ಎಂದು ಯಂತ್ರ ಕೇಳಿತು. ತಡಿಯಪ್ಪ, ಮುಖ ತೊಳೆದು, ಕನ್ನಡಕ ಒರೆಸಿ, ಸಮಾಧಾನದಿಂದ ಉಳಿಸುತ್ತೇನೆ ಎಂದು ಬಚ್ಚಲಿಗೆ ಹೋದೆ. ಬರುವಷ್ಟರಲ್ಲಿ ಅಕ್ಕ ಆರತಿ ತಟ್ಟೆ ತಂದು ಸೈಕಲ್ಲಿಗೆ ದೃಷ್ಟಿ ತೆಗೆಯುತ್ತಿದ್ದಳು. ಚಕ್ರಕ್ಕೆ ಕುಂಕುಮ, ಹ್ಯಾಂಡಲ್ಲಿಗೆ ಹೂವು.

"ಅಯ್ಯ ಗಿರಿಜಾ, ಹೊಸಾ ಯಂತ್ರಕ್ಕ ಯಾರೂ ವಿಭೂತಿ ಹಚ್ಚಿಲ್ಲಲ್ಲ! ಬೋಳ ಹಣಿ ಹೊತ್ತು ಇಷ್ಟು ದೂರ ಬಂದಿ ಏನು?" ಎಂದವಳೇ ಹಸಿ ವಿಭೂತಿಯ ಮೂರು ಬೆರಳನ್ನು ಗಾಜಿನ ಮೇಲೆ ಅಡ್ಡಕ್ಕೆ ಎಳೆದಳು.

"ಅಕ್ಕಾ!"

ಅಕ್ಕ ಬೆಚ್ಚಿ ಇನ್ನೊಮ್ಮೆ ಎಳೆದಳು. ಮೊದಲ ಸಲಕ್ಕೆ ಯಂತ್ರ, ಖಂಡಿತ ಅಳಿಸಲೇ ಎಂದು ಕೇಳಿರಬೇಕು. ಎರಡನೆಯ ಸಲಕ್ಕೆ ಹೌದು ಅಂದರು ಎಂದು ತಿಳಿದುಕೊಂಡಿತು. ಗಾಜು ಒರೆಸಿ ನೋಡಿದರೆ ಹಾನಗಲ್ಲೂ ಇಲ್ಲ, ಶಿಗ್ಗಾಂವಿಯೂ ಇಲ್ಲ. ಸೊನ್ನೆ.

ನಾನು ಪಡಸಾಲೆಯ ನಡುವೆ ಕೂತು ಅತ್ತೆ. ಅರವತ್ತು ದಾಟಿದ ಹೆಂಗಸು, ನಿವೃತ್ತ ಟೀಚರು, ಸಣ್ಣ ಹುಡುಗಿಯ ಹಾಗೆ ಕಾಲು ಚಾಚಿ ಅತ್ತೆ. ಅಕ್ಕನಿಗೆ ಏನು ತಪ್ಪಾಯಿತೆಂದು ಪೂರಾ ತಿಳಿಯಲಿಲ್ಲ. ಎಳ್ಳೆಣ್ಣೆ ಬಿಸಿ ಮಾಡಿ ತಂದು ನನ್ನ ಕಾಲು ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕತೊಡಗಿದಳು.

"ಆವತ್ತೂ ಹಿಂಗ ಗಂಟು ಕಟ್ಟಿದ್ವು ನೋಡು ನಿನ್ನ ಕಾಲು," ಎಂದಳು.

"ಯಾವತ್ತು?"

"ಸಣ್ಣಾಕಿ ಇದ್ದಾಗ ಬಂದಿದ್ದೆಲ್ಲ. ರಾತ್ರಿ ಮಟಾ ತಿಕ್ಕೀನಿ. ನಿದ್ದಿಗಣ್ಣಾಗೂ ಪೆಡ್ಲ ತುಳೀತಿದ್ದಿ."

ನನ್ನ ಅಳು ನಿಂತುಹೋಯಿತು. "ಅಂದ್ರ ನಿನಗ ಗೊತ್ತಿತ್ತೇನು, ನಾ ಸೈಕಲ್ ಮ್ಯಾಲೇ ಬಂದಿದ್ದೆ ಅಂತ?"

"ಲಾರ್ಯಾಗ ಕುಂತು ಬಂದವ್ರಿಗೆ ಹಿಂಗ ಆಗತೈತೇನ ಹುಚ್ಚಿ?"

"ಮತ್ತ ಇಷ್ಟು ವರ್ಷ ಯಾಕ ಹೇಳ್ಲಿಲ್ಲ ಅಕ್ಕಾ?"

"ನನ್ನ ಯಾರ್ ಕೇಳಿದ್ರವಾ? ನೀ ಮತ್ತ ಅಣ್ಣ ಜಗಳಾಡಾಕ ನಿಂತ್ರ ಉಳದವ್ರಿಗೆ ಬಾಯಿ ತಗಿಯಾಕ ಎಲ್ಲಿ ಜಾಗಾ ಇರತಿತ್ತು?"

ಇದಕ್ಕೆ ನಗಬೇಕೋ, ಎಣ್ಣೆಯ ಬಟ್ಟಲು ಎತ್ತಿ ಒಗೆಯಬೇಕೋ ನೀವೇ ಹೇಳಿ. ಅಷ್ಟರಲ್ಲಿ ಫೋನು ರಿಂಗಾಯಿತು. ಅಣ್ಣ. ಎತ್ತಲು ಧೈರ್ಯ ಬರಲಿಲ್ಲ. ಅಕ್ಕನೇ ಎತ್ತಿ ನನ್ನ ಕಿವಿಗೆ ಹಿಡಿದಳು.

"ಅಣ್ಣಾ, ಎಲ್ಲಾ ಅಳಿಸಿ ಹೋತೋ. ಗೆರಿ ಇಲ್ಲ. ಏನೂ ಇಲ್ಲ ತೋರ್ಸಾಕ," ಎಂದೆ.

"ಯಾರಿಗೆ ತೋರ್ಸತಿ? ನಾ ಮುಂಜಾನಿಂದ ಕುಂತು ನೋಡೀನಲ್ಲವಾ!" ಎಂದ ಅಣ್ಣ. "ಗಿರಾಕಿ ಬಂದ್ರ ನಾಳೆ ಬರ್ರಿ ಅಂದೇನಿ. ಅಂಗಡಿ ತುಂಬ ಮಂದಿ, ಎಲ್ಲಾರೂ ನಿನ್ನ ಚುಕ್ಕಿ ನೋಡಾಕತ್ತಿದ್ರು. ಬಂಕಾಪುರದ ಏರಿನ್ಯಾಗ ಆ ಚುಕ್ಕಿ ಇರುವಿ ಹರದಂಗ ಹರೀತಿತ್ತು, ನನಗ ಇಲ್ಲಿ ಕುಂತಲ್ಲೇ ದಮ್ಮು ಹತ್ತಿತು. ಶಿಗ್ಗಾಂವ್ಯಾಗ ನಿಂತದ್ದು ನಿಂತ ಬಿಡ್ತು. ಬಿದ್ದಳೋ ಏನೋ, ನನ್ನ ಹಟಕ್ಕ ತಂಗೀನ ಕಳಕೊಂಡೆನೇನೋ ಅನಿಸ್ತು. ಫೋನ್ ಮಾಡ್ಬೇಕು ಅಂತೇನಿ, ನಂಬರ್ ಕಾಣವಲ್ದು. ಅಷ್ಟರಾಗ ಹೊಂಟಿ ನೋಡು! ಅಂಗಡ್ಯಾಗ ಕುಂತವ್ರು ಎದ್ದು ನಿಂತು ಚಪ್ಪಾಳಿ ಹೊಡದ್ರು."

"ಲಾರ್ಯಾಗ ಹೋಗಿದ್ರ?" ಎಂದೆ. ನನ್ನ ಬಾಯಿ ಸುಮ್ಮನಿರುವುದಲ್ಲ.

"ಯಾವ ಲಾರಿ ಹಳ್ಳಿ ಹಳ್ಳಿಗೆ ನಿಂತು ಚಾ ಕುಡೀತೈತಿ? ಆ ಎರಡನೇ ಹಳ್ಳ್ಯಾಗ ಅಷ್ಟೊತ್ತು ಏನ್ ಮಾಡಾಕತ್ತಿದ್ದಿ?"

"ಕುಪ್ಪಸದ ಕಂಕುಳ ಬಿಚ್ಚಸಾಕತ್ತಿದ್ದೆ."

"ಹೌದಿಲ್ಲೋ! ನಾ ಆಗಲೇ ಇಲ್ಲೆ ಎಲ್ಲಾರಿಗೂ ಹೇಳಿದೆ, ಇದು ನಮ್ಮ ಗಿರಿಜಾನ, ಬ್ಯಾರೇ ಯಾರೂ ಅಲ್ಲ ಅಂತ," ಎಂದು ಅಣ್ಣ ನಕ್ಕ. ಚಾಕ್ಕೂ ಕುಪ್ಪಸಕ್ಕೂ ನಿಂತು ನಾನು ಹೊತ್ತು ಕಳೆದಿದ್ದೆ ನೋಡಿ, ಅದೇ ನನ್ನನ್ನು ಗೆಲ್ಲಿಸಿತ್ತು. ಆ ಸಂಜೆ ಅಕ್ಕ ಮಾಡಿದ ಝುಣಕ, ರೊಟ್ಟಿ, ಮೇಲೆ ಸವಣೂರಿನ ಖಾರ ತಿಂದಷ್ಟು ನಾನು ಯಾವ ಹಬ್ಬದಲ್ಲೂ ತಿಂದಿಲ್ಲ.

ಹಿರೇಕೆರೂರಿನ ಮದುವೆಯಲ್ಲಿ ಪಂಕ್ತಿ ಕೂತಿತು. ಸಾರು ಬೇರೆ ತಡವಾಯಿತು. ಅಣ್ಣ ರುಮಾಲು ಸರಿಮಾಡಿಕೊಂಡು ನಡುವೆ ಬಂದು ನಿಂತ. "ಇಲ್ಲೆ ಕೇಳ್ರಿ ಎಲ್ಲಾರೂ! ನನ್ನ ತಂಗಿ ಲಾರಿ ಹತ್ತಿರಲಿಲ್ಲ. ಸೈಕಲ್ ಹೊಡಕೊಂಡ ಸವಣೂರಿಗೆ ಹೋಗಿದ್ಲು. ಇಷ್ಟು ವರ್ಷ ನಾ ಹೇಳಿದ್ದು ಶುದ್ಧ ಸುಳ್ಳು."

ಬೀಗರ ಕಡೆಯ ಮುದುಕಿಯೊಬ್ಬಳು, "ಯಾವ ಲಾರಿರಿ?" ಎಂದಳು. ಹೊಸ ಬೀಗರಿಗೆ ಹೇಗೆ ಗೊತ್ತಿರಬೇಕು, ಪಾಪ! ಅಣ್ಣ ಬಿಡಲಿಲ್ಲ. ನೀಲಕ್ಕನ ಮದುವೆಯಿಂದ ಹಿಡಿದು ಜಡೆ, ಚೈನು, ಕ್ಲೀನರು, ಹತ್ತಿ ವ್ಯಾಪಾರಿ ಎಲ್ಲ ಬಿಡಿಸಿ ಹೇಳಿದ. ಮುಂದೆ ಮುಂದೆ ಅವನಿಗೆ ಉಮೇದು ಬಂದು, ಸವಣೂರು ದಾಟಿ ಯಲವಿಗಿ ಸ್ಟೇಷನ್ನಿನವರೆಗೂ ಹೋಗಿ ರೈಲು ನೋಡಿ ಬಂದಿದ್ದಳು ಎಂದುಬಿಟ್ಟ.

"ಅಣ್ಣಾ, ಯಲವಿಗಿಗೆ ಹೋಗಿಲ್ಲೋ. ಸವಣೂರು ಅಷ್ಟ!" ಎಂದು ಕೂತಲ್ಲಿಂದಲೇ ಒದರಿದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಈ ಸಲದ ನಗು ನನ್ನ ಎಲೆಯ ಮೇಲಿನ ಹೋಳಿಗೆಗಿಂತ ಸಿಹಿಯಾಗಿತ್ತು. ಎರಡು ಸಲ ಹಾಕಿಸಿಕೊಂಡೆ, ತುಪ್ಪವನ್ನೂ.

ಹೊರಡುವ ಹೊತ್ತಿಗೆ ದಿಬ್ಬಣದ ಬಸ್ಸು ತುಂಬಿ ಬಾಗಿಲಲ್ಲಿ ಜನ ನೇತಾಡುತ್ತಿದ್ದರು. ಹಿಂದೆ ಬಳುವಳಿಯ ಸಾಮಾನು ಹೇರಿದ ಲಾರಿ. ಮಂಚ, ಕಪಾಟು, ಅದರ ಮೇಲೆ ಹೊಸ ಗಾದಿಗಳ ರಾಶಿ. ಅಣ್ಣ ನನ್ನ ಹತ್ತಿರ ಬಂದು ಕೆಮ್ಮಿದ.

"ಬಸ್ಸಿನ್ಯಾಗ ಜಾಗಾ ಇಲ್ಲ ಗಿರಿಜವ್ವಾ. ನಿನ್ನ ಸ್ಟ್ಯಾಂಡಿಗೆ ಬಿಟ್ಟು ಬರ್ಲೇನು? ಸರಕಾರಿ ಬಸ್ ಇರ್ತಾವ."

"ಯಾಕ? ಈ ಲಾರಿಗೆ ಏನಾಗೈತಿ?"

ಅಣ್ಣ ನನ್ನ ಮುಖ ನೋಡಿದ. ತಾನೇ ಮೊದಲು ಹತ್ತಿ ಮೇಲಿಂದ ಕೈ ಕೊಟ್ಟ, ಕೆಳಗಿನಿಂದ ನಮ್ಮವರು, "ಪುಸ್ತಕದಾಗ ಇದರ ಬಗ್ಗೆ ಏನೂ ಬರದಿಲ್ಲ, ಹುಷಾರು," ಎನ್ನುತ್ತ ಕಾಲಿಗೆ ಆಸರೆ ಕೊಟ್ಟರು. ಗಾದಿಯ ಮೇಲೆ ಅಕ್ಕ ಆಗಲೇ ಕೂತಿದ್ದಳು. ಅಣ್ಣ ನಮ್ಮಿಬ್ಬರ ನಡುವೆ ಕೂತು, "ಆ ಡಬ್ಬಿ ಚಾಲೂ ಮಾಡಿಯೇನು?" ಎಂದು ಕೇಳಿದ. ಅದು ಮನೆಯಲ್ಲಿ ಸೈಕಲ್ಲಿನ ಮೇಲೆ, ಹಣೆಯ ತುಂಬ ಒಣ ವಿಭೂತಿ ಹಚ್ಚಿಸಿಕೊಂಡು ಕೂತಿದೆ ಎಂದೆ.

ಲಾರಿ ಹೊರಟಿತು. ಅಕ್ಕ ಹಾಡು ಎತ್ತಿಕೊಂಡಳು, ಅಣ್ಣ ಸುರ ತಪ್ಪಿಸಿದ. ಮೇಲೆ ಎಷ್ಟು ಗಾಳಿ, ಎರಡೂ ಕಡೆ ಹೊಲ ಎಷ್ಟು ದೂರದವರೆಗೆ ಕಾಣುತ್ತವೆ! ಲಾರಿಯಲ್ಲಿ ಇಷ್ಟು ಸುಖವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿರುವುದಾದರೂ ಹೇಗೆ? ಹುಟ್ಟಿದಾಗಿನಿಂದ ನಾನು ಲಾರಿ ಹತ್ತಿದ್ದು ಅದೇ ಮೊದಲು.